ಓದುಗರ ಪ್ರಶ್ನೆ: ಹವಳದ ಸರ, ಹಲ್ಲಿಯ ಬಾಲ ಮತ್ತು ಈ ಬೇಸಿಗೆ

ಈ ಸಲ ಬಂದ ಪತ್ರಗಳಲ್ಲಿ ಅರ್ಧಕ್ಕಿಂತ ಜಾಸ್ತಿ ಬಿಸಿಲಿನ ಸುತ್ತಲೇ ಇವೆ. ದಾವಣಗೆರೆಯಲ್ಲಿ ಮಧ್ಯಾಹ್ನ ಮಂಡಿಪೇಟೆಯ ರಸ್ತೆಯೇ ಬಿಕೋ ಅನ್ನುವ ದಿನಗಳಿವು, ಹಾಗಾಗಿ ಅದರಲ್ಲಿ ಆಶ್ಚರ್ಯವೇನಿಲ್ಲ. ಒಬ್ಬರು ಕೋಳಿ ಬಗ್ಗೆ ಕೇಳಿದ್ದಾರೆ, ಒಬ್ಬರು ರೇಷ್ಮೆ ಹುಳು, ಒಬ್ಬಳು ಹಲ್ಲಿ, ಇನ್ನೊಬ್ಬರು ಕೊರಳಲ್ಲಿರುವ ಹವಳ. ಉತ್ತರ ಬರೆಯಲು ಕೂತರೆ ಒಂದರ ಉತ್ತರ ಇನ್ನೊಂದರೊಳಗೆ ಹೋಗಿ ಸೇರುತ್ತಿತ್ತು. ಅದಕ್ಕೇ ಎಲ್ಲವನ್ನೂ ಒಟ್ಟಿಗೆ ಹಾಕಿದ್ದೇನೆ.

ಪ್ರಶ್ನೆ: ಮೇಷ್ಟ್ರೇ, ನಮ್ಮತ್ತೆ ಕೊಟ್ಟ ಕರಿಮಣಿ ಸರದಲ್ಲಿ ನಾಲ್ಕು ಹವಳ ಇವೆ. ಅದು ಕಲ್ಲು ಅಂದುಕೊಂಡಿದ್ದೆ. ಮಗ ಅದು ಪ್ರಾಣಿ ಅನ್ನುತ್ತಾನೆ. ಯಾವುದು ನಿಜ? ಹುಣಸೆಹುಳಿಯಲ್ಲಿ ಸರ ತೊಳೆದ ಮೇಲೆ ಹವಳದ ಹೊಳಪೇ ಹೋಯಿತು, ಯಾಕೆ? (ಗೃಹಿಣಿ, ದಾವಣಗೆರೆ)

ಉತ್ತರ: ಅಕ್ಕಾ, ಮಗ ಹೇಳಿದ್ದು ಸರಿ. ಆದರೆ ನಿಮ್ಮ ಸರದಲ್ಲಿರುವುದು ಪ್ರಾಣಿಯಲ್ಲ, ಪ್ರಾಣಿ ಕಟ್ಟಿದ ಮನೆ. ಸಮುದ್ರದ ತಳದಲ್ಲಿ ಪಾಲಿಪ್ ಎಂಬ ಪುಟ್ಟ ಜೀವಿಗಳು ಸಾವಿರಗಟ್ಟಲೆ ಒಟ್ಟಿಗೆ ಇರುತ್ತವೆ. ಮೆತ್ತಗಿನ ಮೈ, ಮೇಲೊಂದು ಬಾಯಿ, ಬಾಯಿಯ ಸುತ್ತ ಎಳೆಎಳೆಯಾದ ಕೈಗಳು. ಅಷ್ಟೇ ಅದರ ದೇಹ. ಇವು ನೀರಿನಲ್ಲಿ ಕರಗಿರುವ ಸುಣ್ಣದ ಅಂಶ ಹೀರಿ, ಗಟ್ಟಿ ಎಲುಬಿನಂಥ ಆಸರೆ ಕಟ್ಟಿಕೊಳ್ಳುತ್ತವೆ. ಒಡವೆಯ ಕೆಂಪು ಹವಳ ಹೆಚ್ಚಾಗಿ ಸಿಗುವುದು ಮೆಡಿಟರೇನಿಯನ್ ಸಮುದ್ರದಲ್ಲಿ. ಅದು ದಪ್ಪವಾಗುವುದು ವರ್ಷಕ್ಕೆ ಒಂದು ಮಿಲಿಮೀಟರಿಗಿಂತಲೂ ಕಡಿಮೆ. ನಿಮ್ಮತ್ತೆಯ ಒಂದು ಗುಂಡು ಅಷ್ಟು ದಪ್ಪ ಆಗಬೇಕಾದರೆ ಎಷ್ಟು ವರ್ಷ ಹಿಡಿದಿರಬೇಕು, ನೀವೇ ಲೆಕ್ಕ ಹಾಕಿ.

ಇನ್ನು ಹೊಳಪು. ಹವಳ ಅಂದರೆ ಕ್ಯಾಲ್ಸಿಯಂ ಕಾರ್ಬೊನೇಟ್. ಮೊಟ್ಟೆ ಚಿಪ್ಪು, ಸುಣ್ಣದಕಲ್ಲು, ಕಪ್ಪೆಚಿಪ್ಪು ಎಲ್ಲ ಇದೇ ವಸ್ತು. ಹುಳಿ ತಾಗಿದರೆ ಇದು ಕರಗುತ್ತದೆ. ನಿಂಬೆರಸದ ಹನಿ ನೆಲದ ಶಹಾಬಾದ್ ಕಲ್ಲಿನ ಮೇಲೆ ಬಿದ್ದು ಕಲೆ ಆಗುತ್ತದಲ್ಲ, ಹಾಗೇ. ಇನ್ನು ಮುಂದೆ ಹುಣಸೆ, ನಿಂಬೆ ಎರಡೂ ಬೇಡ. ಒದ್ದೆ ಬಟ್ಟೆಯಲ್ಲಿ ಒರೆಸಿ, ಒಣ ಬಟ್ಟೆಯಲ್ಲಿ ಇನ್ನೊಮ್ಮೆ ಒರೆಸಿದರೆ ಸಾಕು.

ಪ್ರಶ್ನೆ: ಸಮುದ್ರದ ನೀರು ಮಾಮೂಲಿಗಿಂತ ಬರೀ 1 ಡಿಗ್ರಿ ಜಾಸ್ತಿಯಾದರೆ ಹವಳ ಬಿಳಿಚಿಕೊಳ್ಳುತ್ತದೆ ಅಂತ ಓದಿದೆ. ನಮ್ಮೂರಲ್ಲಿ ಬೆಳಿಗ್ಗೆ 23 ಇದ್ದದ್ದು ಮಧ್ಯಾಹ್ನ 39 ಆಗುತ್ತದೆ. ನಾವು ಬದುಕಿಲ್ಲವೇ? ಸತ್ತ ಹವಳ ಮತ್ತೆ ಬೆಳೆಯುವುದಿಲ್ಲವೇ? (ಬಿ.ಎಸ್ಸಿ. ವಿದ್ಯಾರ್ಥಿ, ಚಿತ್ರದುರ್ಗ)

ಉತ್ತರ: ತಮ್ಮಾ, ನೀನು ಗಾಳಿಯ ಬಿಸಿ ಹೇಳಿದೆ. ಮೈ ಬಿಸಿ ಹೇಳು. ಹೊರಗೆ 39 ಇದ್ದರೂ ನಿನ್ನ ಮೈ 37ರ ಹತ್ತಿರವೇ ಇರುತ್ತದೆ. ಅದು 38 ಆದರೆ ಜ್ವರ ಅನ್ನುತ್ತೇವೆ, 40 ಆದರೆ ಆಸ್ಪತ್ರೆಗೆ ಓಡುತ್ತೇವೆ. ನಿನಗೆ ಬೆವರು ಇದೆ, ನೆರಳಿಗೆ ಹೋಗುವ ಕಾಲು ಇದೆ. ಹವಳಕ್ಕೆ ಎರಡೂ ಇಲ್ಲ. ಸುತ್ತಲ ನೀರು ಎಷ್ಟು ಬಿಸಿಯೋ ಅದರ ಮೈ ಅಷ್ಟೇ ಬಿಸಿ. ಅಂದಹಾಗೆ, ಒಂದು ಮಧ್ಯಾಹ್ನದ ಬಿಸಿಯಿಂದ ಅದು ಬಿಳಿಚಿಕೊಳ್ಳುವುದಿಲ್ಲ. ಬೇಸಿಗೆಯ ಮಾಮೂಲಿ ಗರಿಷ್ಠಕ್ಕಿಂತ 1 ಡಿಗ್ರಿ ಜಾಸ್ತಿ, ಅದೂ ವಾರಗಟ್ಟಲೆ ಇಳಿಯದೆ ನಿಂತರೆ ಆಗ ತೊಂದರೆ. ವಾರಗಟ್ಟಲೆ ಜ್ವರ ಇಳಿಯದಿದ್ದರೆ ನಮ್ಮ ಗತಿ ಏನು, ಯೋಚಿಸು.

ಬಿಳಿಚಿಕೊಳ್ಳುವುದು ಹೇಗೆ ಅಂತ ಹೇಳುತ್ತೇನೆ. ಬೆಚ್ಚಗಿನ ಸಮುದ್ರದಲ್ಲಿ ದಿಬ್ಬ ಕಟ್ಟುವ ಹವಳದ ಮೈಯೊಳಗೆ ಕಣ್ಣಿಗೆ ಕಾಣದಷ್ಟು ಸಣ್ಣ ಪಾಚಿ ವಾಸ ಮಾಡುತ್ತದೆ. ಬಿಸಿಲಲ್ಲಿ ಆಹಾರ ಮಾಡಿ, ತನಗೆ ಬೇಕಾದಷ್ಟು ಇಟ್ಟುಕೊಂಡು ಉಳಿದಿದ್ದನ್ನು ಹವಳಕ್ಕೆ ಕೊಡುತ್ತದೆ. ಹವಳದ ಹೊಟ್ಟೆಗೆ ಬೇಕಾದ ಶಕ್ತಿಯಲ್ಲಿ ನೂರಕ್ಕೆ 90ರವರೆಗೂ ಈ ಪಾಚಿಯಿಂದಲೇ ಬರಬಹುದು. ಬದಲಿಗೆ ಹವಳ ಅದಕ್ಕೆ ಮನೆ ಕೊಡುತ್ತದೆ, ತನ್ನ ಮೈಯ ಕಸವನ್ನೇ ಗೊಬ್ಬರವಾಗಿ ಕೊಡುತ್ತದೆ. ನಾವು ನೋಡುವ ಕಂದು, ಹಸಿರು ಬಣ್ಣದಲ್ಲಿ ಬಹುಪಾಲು ಈ ಪಾಚಿಯದೇ. ನೀರು ಬಿಸಿಯಾಗಿ ಮೇಲಿಂದ ಬಿಸಿಲೂ ಹೊಡೆದಾಗ ಪಾಚಿಯ ಅಡುಗೆಮನೆ ಕೆಡುತ್ತದೆ. ಜೀವಕೋಶ ಸುಡುವಂಥ ಉಗ್ರ ಆಮ್ಲಜನಕ ಅಲ್ಲಿಂದ ಹೊರಬರುತ್ತದೆ. ಅನ್ನ ಹಾಕುತ್ತಿದ್ದವನೇ ವಿಷ ಹಾಕುವ ಹಾಗಾದಾಗ ಹವಳ ಅದನ್ನು ಹೊರಗೆ ಹಾಕುತ್ತದೆ. ಮೈ ಗಾಜಿನಂತೆ ಪಾರದರ್ಶಕವಾಗಿ ಒಳಗಿನ ಬಿಳಿ ಸುಣ್ಣ ಕಾಣುತ್ತದೆ.

ಇಲ್ಲೊಂದು ಮಾತು ಚೆನ್ನಾಗಿ ನೆನಪಿಡು. ಬಿಳಿಯಾದ ಹವಳ ಸತ್ತಿಲ್ಲ, ಉಪವಾಸ ಇದೆ. ರಾತ್ರಿ ಕೈ ಚಾಚಿ ನೀರಿನಲ್ಲಿ ತೇಲುವ ಸಣ್ಣ ಜೀವಿಗಳನ್ನು ಹಿಡಿದು ತಿಂದು ಒಂದಿಷ್ಟು ವಾರ ಜೀವ ಹಿಡಿದುಕೊಳ್ಳುತ್ತದೆ. ಅಷ್ಟರಲ್ಲಿ ನೀರು ತಣ್ಣಗಾದರೆ ಪಾಚಿ ವಾಪಸ್ ಬರುತ್ತದೆ, ಬಣ್ಣವೂ ಬರುತ್ತದೆ. ತಣ್ಣಗಾಗದಿದ್ದರೆ ಸಾಯುತ್ತದೆ. ಆಮೇಲೆ ಅದರ ಅಸ್ಥಿಪಂಜರದ ಮೇಲೆ ಬೇರೆ ಪಾಚಿ ಕಟ್ಟಿಕೊಳ್ಳುತ್ತದೆ.

ಮತ್ತೆ ಬೆಳೆಯುವುದಿಲ್ಲವೇ ಅಂತ ಕೇಳಿದೆ. ಸತ್ತ ಪಾಲಿಪ್ ಮತ್ತೆ ಏಳುವುದಿಲ್ಲ, ಆದರೆ ಬದುಕುಳಿದದ್ದು ಬೆಳೆಯುತ್ತದೆ. ಪಾಲಿಪ್ ತಾನು ಕೂತ ಜಾಗದಿಂದ ಸ್ವಲ್ಪ ಮೇಲೆದ್ದು ಕೆಳಗೆ ಹೊಸ ಸುಣ್ಣದ ನೆಲ ಹಾಕಿಕೊಳ್ಳುತ್ತದೆ. ಹೀಗೆ ಮಹಡಿ ಮೇಲೆ ಮಹಡಿ. ಪಕ್ಕಕ್ಕೆ ಮೊಗ್ಗು ಬಿಟ್ಟು ತನ್ನಂಥದೇ ಇನ್ನೊಂದು ಪಾಲಿಪ್ ಮಾಡುತ್ತದೆ. ಕೊಂಬೆ ಕೊಂಬೆಯಾಗಿರುವ ಜಾತಿ ವರ್ಷಕ್ಕೆ 10 ಸೆಂಟಿಮೀಟರ್‌ವರೆಗೂ ಬೆಳೆಯಬಹುದು. ಗುಂಡುಕಲ್ಲಿನಂಥ ಜಾತಿ ವರ್ಷಕ್ಕೆ ಒಂದು ಸೆಂಟಿಮೀಟರ್ ಆಸುಪಾಸು. ಇದನ್ನು ತೆಳ್ಳಗೆ ಕೊಯ್ದು ಎಕ್ಸ್‌ರೇ ತೆಗೆದರೆ ಮರದ ದಿಮ್ಮಿಯ ಉಂಗುರಗಳ ಹಾಗೆ ವರ್ಷವರ್ಷದ ಪಟ್ಟೆ ಕಾಣುತ್ತವೆ. ಯಾವ ವರ್ಷ ಕಷ್ಟದಲ್ಲಿತ್ತು ಅನ್ನುವುದೂ ಅದರಲ್ಲಿ ಬರೆದಿರುತ್ತದೆ. ಚೂರಾದರೂ ಬದುಕುತ್ತದೆ. ದಾಸವಾಳದ ಕಡ್ಡಿ ನೆಟ್ಟ ಹಾಗೆ, ಮುರಿದ ಕೊಂಬೆ ಗಟ್ಟಿ ಜಾಗದಲ್ಲಿ ಅಲುಗಾಡದೆ ನಿಂತರೆ ಅಲ್ಲೇ ಹಿಡಿದುಕೊಂಡು ಬೆಳೆಯುತ್ತದೆ. ಮನ್ನಾರ್ ಕೊಲ್ಲಿಯಲ್ಲಿ ತೂತ್ತುಕುಡಿಯ ಸಂಶೋಧಕರು ಸುಮಾರು 2002ರಿಂದ ಹೀಗೆ ಹವಳ ನೆಡುತ್ತಾ ಬಂದಿದ್ದಾರೆ.

ಹಾಗಾದರೆ ಚಿಂತೆ ಯಾಕೆ ಅಂತ ಕೇಳುತ್ತೀಯಾ? ಬಿಡುವು ಸಿಗುತ್ತಿಲ್ಲ, ಅದಕ್ಕೆ. ಆಸ್ಟ್ರೇಲಿಯಾದ ವಾಯವ್ಯಕ್ಕೆ ಸ್ಕಾಟ್ ರೀಫ್ ಎಂಬ ಒಂಟಿ ದಿಬ್ಬವಿದೆ. 1998ರ ಬಿಸಿಯಲ್ಲಿ ಅಲ್ಲಿ ಬಹುಪಾಲು ಹವಳ ಸತ್ತಿತು. ಚೇತರಿಸಿಕೊಳ್ಳಲು ಸುಮಾರು 12 ವರ್ಷ ಬೇಕಾಯಿತು. ಅದೂ ಮನುಷ್ಯರ ಕಾಟ ಕಡಿಮೆ ಇರುವ ಜಾಗ. ಅದೇ ದೇಶದ ಗ್ರೇಟ್ ಬ್ಯಾರಿಯರ್ ರೀಫ್‌ನಲ್ಲಿ ದೊಡ್ಡ ಮಟ್ಟದಲ್ಲಿ ಹವಳ ಬಿಳಿಚಿಕೊಂಡ ವರ್ಷಗಳನ್ನು ಓದು: 1998, 2002, 2016, 2017, 2020, 2022, 2024. ಮೊದಮೊದಲು ಎಷ್ಟು ಅಂತರ ಇತ್ತು, ಆಮೇಲೆ ಎಷ್ಟಾಯಿತು? ನಮ್ಮ ಲಕ್ಷದ್ವೀಪದಲ್ಲೂ 1998, 2010, 2016, 2024ರಲ್ಲಿ ಹೀಗಾಯಿತು. ಲಕ್ಷದ್ವೀಪದ ಜನ ಮನೆ ಕಟ್ಟಿಕೊಂಡಿರುವ ನೆಲವೇ ಹವಳ ಕಟ್ಟಿದ ನೆಲ. ದಿಬ್ಬ ಸವೆದರೆ ಅಲೆ ನೇರ ದಡಕ್ಕೇ ಹೊಡೆಯುತ್ತದೆ. ನನಗೆ ಈ ಇಸವಿಗಳ ಪಟ್ಟಿ ನೋಡಿದಾಗಲೆಲ್ಲ ಹೊಟ್ಟೆಯಲ್ಲಿ ಸಂಕಟವಾಗುತ್ತದೆ. ಗಾಯ ಮಾಯುವ ಶಕ್ತಿ ಇದೆ, ಮಾಯುವಷ್ಟು ಹೊತ್ತು ಕೊಡುತ್ತಿಲ್ಲ.

ಪ್ರಶ್ನೆ: ಬೇಸಿಗೆ ಬಂದರೆ ನಮ್ಮ ಕೋಳಿಗಳ ಮೊಟ್ಟೆ ಚಿಪ್ಪು ತೆಳ್ಳಗಾಗುತ್ತದೆ, ಕೈಯಲ್ಲಿ ಹಿಡಿದರೆ ಬಿರುಕು ಬಿಡುತ್ತದೆ. ಕಾಳು ಕಡಿಮೆ ಮಾಡಿಲ್ಲ. (ಕೋಳಿ ಸಾಕುವವರು, ಹೊನ್ನಾಳಿ)

ಉತ್ತರ: ಹವಳದ ಪ್ರಶ್ನೆಯ ಪಕ್ಕದಲ್ಲೇ ನಿಮ್ಮ ಪತ್ರ ಸಿಕ್ಕಿದ್ದು ನನಗೆ ಬಹಳ ಖುಷಿಯಾಯಿತು, ಯಾಕೆಂದರೆ ಎರಡೂ ಸುಣ್ಣ ಕಟ್ಟುವ ಕೆಲಸವೇ. ಒಂದು ಮೊಟ್ಟೆಗೆ ಚಿಪ್ಪು ಹಾಕಲು ಕೋಳಿಗೆ ಸುಮಾರು 20 ಗಂಟೆ ಬೇಕು, ಅದರಲ್ಲಿ ಹೆಚ್ಚಿನ ಕೆಲಸ ರಾತ್ರಿ ನಡೆಯುತ್ತದೆ. ಒಂದು ಚಿಪ್ಪಿಗೆ ಸುಮಾರು 2 ಗ್ರಾಂ ಕ್ಯಾಲ್ಸಿಯಂ ಹೋಗುತ್ತದೆ. ತಿಂದಿದ್ದು ಸಾಲದಿದ್ದರೆ ತನ್ನ ಎಲುಬಿನಿಂದಲೇ ತೆಗೆದು ಹಾಕುತ್ತದೆ.

ಕೋಳಿಗೆ ಬೆವರು ಬರುವುದಿಲ್ಲ. ಸೆಖೆಗೆ ಬಾಯಿ ತೆರೆದು ಏದುಸಿರು ಬಿಡುತ್ತದೆ, ನೋಡಿರುತ್ತೀರಿ. ಹಾಗೆ ಏದುವಾಗ ರಕ್ತದಲ್ಲಿರುವ ಇಂಗಾಲದ ಡೈಆಕ್ಸೈಡ್ ಜಾಸ್ತಿ ಹೊರಗೆ ಹೋಗುತ್ತದೆ. ಚಿಪ್ಪಿಗೆ ಕ್ಯಾಲ್ಸಿಯಂ ಒಂದೇ ಸಾಲದು, ಕಾರ್ಬೊನೇಟೂ ಬೇಕು, ಅದಕ್ಕೆ ಮೂಲವೇ ಈ ಅನಿಲ. ಅದು ಕಡಿಮೆಯಾದರೆ ಚಿಪ್ಪು ತೆಳ್ಳಗಾಗುತ್ತದೆ. ಜೊತೆಗೆ ಸೆಖೆಗೆ ಕೋಳಿ ಮೇವನ್ನೂ ಸರಿಯಾಗಿ ತಿನ್ನುವುದಿಲ್ಲ. ನೀವು ಹಾಕಿದ್ದೀರಿ ಸರಿ, ಅದು ತಿಂದಿದೆಯಾ ನೋಡಿ. ಬೆಳಗಿನ ತಂಪಲ್ಲಿ ಮತ್ತು ಸಂಜೆ ಮೇವು ಕೊಡಿ. ಸಂಜೆಯ ಮೇವಿನ ಜೊತೆ ಕಪ್ಪೆಚಿಪ್ಪಿನ ನುಚ್ಚು ಇಡಿ, ರಾತ್ರಿ ಚಿಪ್ಪು ಕಟ್ಟುವಾಗ ಅದು ಹೊಟ್ಟೆಯಲ್ಲಿರುತ್ತದೆ. ನೀರಿನ ಪಾತ್ರೆ ನೆರಳಲ್ಲಿರಲಿ, ಮಧ್ಯಾಹ್ನ ಒಮ್ಮೆ ಬದಲಾಯಿಸಿ.

ಸಮುದ್ರದಲ್ಲಿ ಇದರ ಉಲ್ಟಾ ನಡೆಯುತ್ತಿದೆ. ನಾವು ಸುಟ್ಟ ಕಲ್ಲಿದ್ದಲು, ಪೆಟ್ರೋಲಿನ ಹೊಗೆಯಲ್ಲಿರುವ ಇದೇ ಅನಿಲ ನೀರಿಗೆ ಜಾಸ್ತಿ ಸೇರುತ್ತಿದೆ. ಜಾಸ್ತಿ ಸೇರಿದಷ್ಟೂ ನೀರು ಹುಳಿಯ ಕಡೆಗೆ ವಾಲುತ್ತದೆ, ಹವಳಕ್ಕೆ ಬೇಕಾದ ಕಾರ್ಬೊನೇಟ್ ಕಡಿಮೆಯಾಗುತ್ತದೆ. ಕೋಳಿಗೆ ಅನಿಲ ಕಡಿಮೆಯಾದರೆ ಕಷ್ಟ, ಹವಳಕ್ಕೆ ಜಾಸ್ತಿಯಾದರೆ ಕಷ್ಟ.

ಪ್ರಶ್ನೆ: ನಾಲ್ಕನೇ ಜ್ವರ ಎದ್ದ ಮೇಲೆ ಸೆಖೆ ಜಾಸ್ತಿಯಾದರೆ ನಮ್ಮ ಹುಳು ಸೊಪ್ಪು ಬಿಡುತ್ತವೆ, ಗೂಡು ಜಳ್ಳಾಗುತ್ತದೆ. ಚಾಕಿಯಲ್ಲಿ ಬಿಸಿ ತಡೆಯುವ ಹುಳು ದೊಡ್ಡದಾದ ಮೇಲೆ ಯಾಕೆ ತಡೆಯುವುದಿಲ್ಲ? (ರೇಷ್ಮೆ ಬೆಳೆಗಾರರು, ಮೊಳಕಾಲ್ಮೂರು ತಾಲ್ಲೂಕು)

ಉತ್ತರ: ಅಣ್ಣಾ, ಈ ಕೆಲಸದಲ್ಲಿ ಇಲ್ಲದ ಓದುಗರಿಗೆ ಮೊದಲು ಒಂದು ಮಾತು. ರೇಷ್ಮೆ ಹುಳು ಪೊರೆ ಬಿಡುವುದನ್ನು ನಮ್ಮ ರೈತರು ಜ್ವರ ಅನ್ನುತ್ತಾರೆ. ಸೊಪ್ಪು ಮುಟ್ಟದೆ, ತಲೆ ಎತ್ತಿ, ಅಲುಗಾಡದೆ ಕೂತಿರುತ್ತದೆ, ನೋಡಿದರೆ ಜ್ವರ ಬಂದವರ ಹಾಗೇ. ಹುಳುವಿನ ಚರ್ಮ ಹಿಗ್ಗುವುದಕ್ಕೆ ಒಂದು ಮಿತಿ ಇದೆ. ಒಳಗೆ ಮೈ ಬೆಳೆದಾಗ ಹಳೆಯ ಅಂಗಿ ಕಳಚಿ ಹೊಸದು ಹಾಕಲೇಬೇಕು. ಮೊಟ್ಟೆ ಒಡೆದು ಬಂದ ಹುಳು ಗೂಡು ಕಟ್ಟುವಷ್ಟರಲ್ಲಿ ಸುಮಾರು 25 ದಿನದಲ್ಲಿ ತೂಕದಲ್ಲಿ ಹತ್ತು ಸಾವಿರ ಪಟ್ಟು ಆಗುತ್ತದೆ. ನಡುವೆ ನಾಲ್ಕು ಸಲ ಅಂಗಿ ಬದಲು.

ಈಗ ನಿಮ್ಮ ಪ್ರಶ್ನೆ. ಚಾಕಿ ಹುಳು, ಅಂದರೆ ಮೊದಲ ಎರಡು ಹಂತದ ಮರಿಹುಳು, ಸಣ್ಣದು. ಅದಕ್ಕೆ 27-28 ಡಿಗ್ರಿ ಬಿಸಿ, ಜೊತೆಗೆ ಒಳ್ಳೆ ತೇವ ಹಿತವಾಗಿರುತ್ತದೆ. ಕೊನೆಯ ಹಂತದ ಹುಳು ಒಟ್ಟು ಸೊಪ್ಪಿನಲ್ಲಿ ನೂರಕ್ಕೆ 80ಕ್ಕಿಂತ ಜಾಸ್ತಿ ಆ ಏಳೆಂಟು ದಿನದಲ್ಲೇ ತಿನ್ನುತ್ತದೆ. ಇಷ್ಟು ತಿಂದು ಅರಗಿಸುವ ಮೈ ಒಳಗಿನಿಂದಲೇ ಬಿಸಿ, ಉಸಿರು, ತೇವ ಬಿಡುತ್ತದೆ. ತಟ್ಟೆಯಲ್ಲಿ ಒತ್ತಾಗಿದ್ದರೆ ಆ ಬಿಸಿ ಅಲ್ಲೇ ನಿಲ್ಲುತ್ತದೆ. ಹಾಗಾಗಿ ದೊಡ್ಡ ಹುಳುವಿಗೆ 24-25 ಸರಿ, ಗಾಳಿ ಆಡಬೇಕು, ಹುಳು ತೆಳುವಾಗಿ ಹರಡಿರಬೇಕು. ದ್ವಿತಳಿ ಹುಳುವಿಗೆ ಸೆಖೆ ತಡೆಯುವ ಶಕ್ತಿ ಮಿಶ್ರತಳಿಗಿಂತ ಕಡಿಮೆ, ಏಪ್ರಿಲ್ ಬೆಳೆಗೆ ಇದನ್ನು ಯೋಚಿಸಿಯೇ ಮೊಟ್ಟೆ ತನ್ನಿ. ಕಿಟಕಿಗೆ ಒದ್ದೆ ಗೋಣಿತಾಟು ಕಟ್ಟುವುದು, ಛಾವಣಿ ಮೇಲೆ ತೆಂಗಿನ ಗರಿ ಹಾಕುವುದು ನಿಮಗೆ ಗೊತ್ತಿರುವುದೇ.

ಬಿಸಿ ತಾಗಿದಾಗ ಹುಳುವಿನ ಒಳಗೆ ಏನಾಗುತ್ತದೆ? ಇದನ್ನು ಮೊದಲು ಕಂಡವರು ಫೆರುಚ್ಚಿಯೋ ರಿಟೋಸ್ಸಾ ಎಂಬ ಇಟಲಿಯ ವಿಜ್ಞಾನಿ. ಬಾಳೆಹಣ್ಣಿನ ಮೇಲೆ ಹಾರಾಡುವ ಸಣ್ಣ ನೊಣಗಳನ್ನು ಅವರು ಸಾಕಿದ್ದರು. ಯಾರೋ ಆ ಪೆಟ್ಟಿಗೆಯ ಬಿಸಿ ಏರಿಸಿಬಿಟ್ಟಿದ್ದರು. ನೊಣದ ಕೋಶಗಳನ್ನು ಸೂಕ್ಷ್ಮದರ್ಶಕದಲ್ಲಿ ನೋಡಿದರೆ ವರ್ಣತಂತುಗಳ ಮೇಲೆ ಹೊಸ ಜಾಗಗಳಲ್ಲಿ ಉಬ್ಬು ಎದ್ದಿತ್ತು. ಅಂದರೆ ಬಿಸಿ ತಾಗಿದ ಕೂಡಲೇ ಕೆಲವು ಜೀನ್‌ಗಳು ಎಚ್ಚೆತ್ತಿದ್ದವು. 1962ರಲ್ಲಿ ಅವರು ಇದನ್ನು ಪ್ರಕಟಿಸಿದರು. ಆ ಜೀನ್‌ಗಳು ಮಾಡುವ ಪ್ರೋಟೀನುಗಳ ಕೆಲಸ ಇಷ್ಟೇ: ಬಿಸಿಗೆ ಆಕಾರ ಕೆಟ್ಟ ಬೇರೆ ಪ್ರೋಟೀನುಗಳನ್ನು ಹಿಡಿದು ಮತ್ತೆ ಸರಿಯಾಗಿ ಮಡಿಸುವುದು. ಮೊಟ್ಟೆ ಬೇಯಿಸಿದರೆ ಬಿಳಿ ಗಟ್ಟಿಯಾಗುತ್ತದಲ್ಲ, ಜೀವಕೋಶದೊಳಗೆ ಅಂಥದ್ದು ಆಗದಂತೆ ಕಾಯುವವರು ಇವರು. ನೊಣದಲ್ಲಿ, ನಿಮ್ಮ ಹುಳುವಿನಲ್ಲಿ, ಸಮುದ್ರದ ಹವಳದಲ್ಲಿ, ನನ್ನಲ್ಲಿ, ನಿಮ್ಮಲ್ಲಿ ಎಲ್ಲರಲ್ಲೂ ಹೆಚ್ಚುಕಡಿಮೆ ಇದೇ ಪಡೆ ಇದೆ. ಆದರೆ ಈ ರಿಪೇರಿಗೂ ಶಕ್ತಿ ಬೇಕು. ಹುಳು ರೇಷ್ಮೆಗೆ ಇಟ್ಟ ಶಕ್ತಿಯನ್ನು ರಿಪೇರಿಗೆ ಹಾಕಿದರೆ ಗೂಡು ಜಳ್ಳಾಗದೆ ಇನ್ನೇನಾಗುತ್ತದೆ?

ಸ್ವಲ್ಪ ಸ್ವಲ್ಪ ಬಿಸಿ ಕಂಡು ಪಳಗಿದ ಜೀವ ಜಾಸ್ತಿ ತಡೆಯುತ್ತದೆ ಅನ್ನುವುದೂ ನಿಜ. ಅಡಿಕೆ ಸಸಿಯನ್ನು ನೆರಳಿನಿಂದ ನಿಧಾನವಾಗಿ ಬಿಸಿಲಿಗೆ ಒಡ್ಡುವ ಹಾಗೆ. ಪೆಸಿಫಿಕ್ ಸಾಗರದ ಓಫು ದ್ವೀಪದಲ್ಲಿ ಇಳಿತದ ಹೊತ್ತಿಗೆ ನೀರು ಕಾದು, ಮತ್ತೆ ತಣ್ಣಗಾಗುವ ಕೊಳಗಳಿವೆ. ಅಲ್ಲಿಯ ಹವಳ ಪಕ್ಕದ ತಂಪು ಕೊಳದ ಹವಳಕ್ಕಿಂತ ಚೆನ್ನಾಗಿ ಬಿಸಿ ತಡೆಯುತ್ತದೆ. ಅಲ್ಲೂ ದಿನದಿನ ತಣ್ಣಗಾಗುವ ಬಿಡುವು ಇದೆ, ಅದನ್ನು ಗಮನಿಸಿ.

ಪ್ರಶ್ನೆ: ಹಲ್ಲಿ ಬಾಲ ಬಿದ್ದರೂ ಮತ್ತೆ ಬರುತ್ತದೆ. ಕೋಟೆಯ ಕಲ್ಲಿನ ಮೇಲಿರುವ ಓತಿಕ್ಯಾತಕ್ಕೂ ಬರುತ್ತದಾ? ನಮಗ್ಯಾಕೆ ಬೆರಳು ಬರುವುದಿಲ್ಲ? (9ನೇ ತರಗತಿ, ಚಿತ್ರದುರ್ಗ)

ಉತ್ತರ: ಪುಟ್ಟಿ, ಹಲ್ಲಿಯ ಬಾಲ ಸುಮ್ನೆ ಬೀಳುವುದಿಲ್ಲ, ಅದೇ ಕಳಚುತ್ತದೆ. ಬಾಲದ ಮೂಳೆಗಳ ಒಳಗೇ ಮೊದಲೇ ಸೀಳು ಇಟ್ಟಂಥ ಜಾಗಗಳಿವೆ. ಸ್ನಾಯು ಬಿಗಿದರೆ ಅಲ್ಲಿ ಕಡಿಯುತ್ತದೆ, ರಕ್ತವೂ ಜಾಸ್ತಿ ಹೋಗುವುದಿಲ್ಲ. ಬಿದ್ದ ಬಾಲ ಕುಣಿಯುವಾಗ ಬೆಕ್ಕು ಅದನ್ನೇ ನೋಡುತ್ತಿರುತ್ತದೆ, ಹಲ್ಲಿ ಟ್ಯೂಬ್‌ಲೈಟ್ ಹಿಂದೆ ಸೇರಿಕೊಳ್ಳುತ್ತದೆ. ಹೊಸ ಬಾಲ ಬರುತ್ತದೆ, ಆದರೆ ಹಳೆಯ ಹಾಗಲ್ಲ. ಒಳಗೆ ಮೂಳೆಯ ಬದಲು ಮೃದ್ವಸ್ಥಿಯ ಕೊಳವೆ ಇರುತ್ತದೆ, ನಮ್ಮ ಕಿವಿಯಲ್ಲಿರುವಂಥದ್ದು. ಮೇಲಿನ ಬಣ್ಣವೂ ಬೇರೆ. ನಿಮ್ಮನೆ ಗೋಡೆಯ ಹಲ್ಲಿಗಳನ್ನು ನೋಡು, ಯಾವುದರದ್ದು ಎರಡನೇ ಬಾಲ ಅಂತ ಗುರುತು ಹಿಡಿಯಬಹುದು. ಬಾಲದಲ್ಲಿ ಅದು ಕೊಬ್ಬು ಕೂಡಿಟ್ಟಿರುತ್ತದೆ, ಅದನ್ನು ಕಳೆದುಕೊಂಡ ಹಲ್ಲಿಗೆ ಬೆಳೆಯಲು, ಮೊಟ್ಟೆ ಇಡಲು ಶಕ್ತಿ ಕಡಿಮೆ. ಹಾಗಾಗಿ ಪೊರಕೆ ತೋರಿಸಿ ಬಾಲ ಬೀಳಿಸುವ ಆಟ ಬೇಡ.

ಓತಿಕ್ಯಾತ ಬೇರೆ ವಂಶ. ಅದರ ಬಾಲ ಹಾಗೆ ಸುಲಭವಾಗಿ ಕಳಚುವುದಿಲ್ಲ, ಹೋದರೆ ಹಲ್ಲಿಯ ಹಾಗೆ ಬೆಳೆಯುವುದೂ ಇಲ್ಲ.

ನಮಗೂ ಸ್ವಲ್ಪ ಈ ಶಕ್ತಿ ಇದೆ. ಪುಟ್ಟ ಮಕ್ಕಳ ಬೆರಳ ತುದಿ ಮಾತ್ರ ಹೋಗಿ ಉಗುರಿನ ಬುಡ ಉಳಿದಿದ್ದರೆ ತುದಿ ಮತ್ತೆ ಬೆಳೆಯುವುದುಂಟು. ಯಕೃತ್ತಿನ ಒಂದು ಭಾಗ ದಾನ ಮಾಡಿದವರಿಗೆ ಉಳಿದದ್ದು ಬೆಳೆದು ಹೆಚ್ಚುಕಡಿಮೆ ಮೊದಲಿನಷ್ಟೇ ಆಗುತ್ತದೆ. ಇಡೀ ಬೆರಳು ಹೋದರೆ ಮಾತ್ರ ನಮ್ಮ ದೇಹ ಬೇಗ ಗಾಯ ಮುಚ್ಚಿ ಗಟ್ಟಿ ಕಲೆ ಮಾಡಿಬಿಡುತ್ತದೆ. ಹಲ್ಲಿಯ ಬಾಲದ ತುದಿಯಲ್ಲಿ ಕಲೆಯ ಬದಲು ಬೆಳೆಯುವ ಕೋಶಗಳ ಮೊಗ್ಗು ಏಳುತ್ತದೆ.

ಪ್ರಶ್ನೆ: ಎರೆಹುಳು ಗುದ್ದಲಿಗೆ ಸಿಕ್ಕಿ ಎರಡಾದರೆ ಎರಡು ಹುಳು ಆಗುತ್ತವೆ ಅಂತಾರೆ. ನಿಜವೇ? (ಅಡಿಕೆ ತೋಟದವರು, ಚನ್ನಗಿರಿ)

ಉತ್ತರ: ಇಲ್ಲ. ತಲೆಯ ಕಡೆ, ಆ ದಪ್ಪ ಪಟ್ಟಿಯೂ ಸೇರಿ ಸಾಕಷ್ಟು ಉದ್ದ ಉಳಿದಿದ್ದರೆ ಬಾಲ ಬೆಳೆಸಿಕೊಂಡು ಬದುಕಬಹುದು. ಬಾಲದ ತುಂಡು ಸ್ವಲ್ಪ ಹೊತ್ತು ಹೊರಳಾಡಿ ಸಾಮಾನ್ಯವಾಗಿ ಸಾಯುತ್ತದೆ. ಗುದ್ದಲಿ ನೋಡಿ ಹಾಕಿ.

ಪ್ರಶ್ನೆ: ನಮ್ಮ ರಂಗಯ್ಯನದುರ್ಗ ಕಾಡಿನ ಕೊಂಡುಕುರಿಯ ಕೊಂಬು ಜಿಂಕೆಯ ಹಾಗೆ ಉದುರುತ್ತದೆಯೇ? (ಜಗಳೂರು)

ಉತ್ತರ: ಉದುರುವುದಿಲ್ಲ. ಕೊಂಡುಕುರಿ, ಕೃಷ್ಣಮೃಗ, ನಮ್ಮನೆ ಎಮ್ಮೆ ಇವಕ್ಕೆಲ್ಲ ಒಳಗೆ ಮೂಳೆ, ಮೇಲೆ ಉಗುರಿನಂಥ ಕವಚ. ಅದು ಜೀವಮಾನಕ್ಕೆ ಒಂದೇ. ಗಂಡು ಕೊಂಡುಕುರಿಗೆ ನಾಲ್ಕು ಕೊಂಬು, ಹೆಣ್ಣಿಗೆ ಕೊಂಬೇ ಇಲ್ಲ. ಚುಕ್ಕಿ ಜಿಂಕೆಯ ಕವಲುಕೊಂಬು ಪೂರ್ತಿ ಮೂಳೆ, ವರ್ಷಕ್ಕೊಮ್ಮೆ ಉದುರಿ ಹೊಸದು ಬರುತ್ತದೆ. ಬೆಳೆಯುವಾಗ ಮಖಮಲ್ಲಿನಂಥ ಚರ್ಮ, ಅದರ ತುಂಬ ರಕ್ತನಾಳ. ನಮ್ಮಂಥ ಹಾಲೂಡುವ ಪ್ರಾಣಿಗಳಲ್ಲಿ ಇಷ್ಟು ವೇಗವಾಗಿ ಬೆಳೆಯುವ ಮೂಳೆ ಇನ್ನೊಂದಿಲ್ಲ. ಸುಣ್ಣ ಸಾಲದಿದ್ದರೆ ಅದೂ ಕೋಳಿಯ ಹಾಗೆ ತನ್ನ ಪಕ್ಕೆಲುಬಿನಿಂದ ತೆಗೆದುಕೊಳ್ಳುತ್ತದೆ.

ಪ್ರಶ್ನೆ: ಮರಡಿಹಳ್ಳಿಯ ಕಲ್ಲು ಸಮುದ್ರದಡಿ ಆದದ್ದಂತೆ. ಹಾಗಾದರೆ ಅಲ್ಲಿ ಅಗೆದರೆ ಹವಳ ಸಿಗಬೇಕಲ್ಲ? (ಹಿರಿಯೂರು)

ಉತ್ತರ: ಒಳ್ಳೆಯ ತರ್ಕ, ಆದರೆ ಸಿಗುವುದಿಲ್ಲ. ಐಮಂಗಲದ ಹತ್ತಿರದ ಆ ಕಲ್ಲು ದಿಂಬು ಜೋಡಿಸಿಟ್ಟ ಹಾಗೆ ಕಾಣುತ್ತದೆ. ಬೆಂಕಿಯಂಥ ಲಾವಾ ನೀರಿನೊಳಗೆ ಹರಿದು ತಟ್ಟನೆ ತಣಿದರೆ ಮಾತ್ರ ಈ ಆಕಾರ ಬರುತ್ತದೆ, ಆದ್ದರಿಂದ ಅಲ್ಲಿ ನೀರಿತ್ತು ಅನ್ನುವುದು ಖಚಿತ. ಆದರೆ ಆ ಕಲ್ಲಿನ ವಯಸ್ಸು ಸುಮಾರು 250 ಕೋಟಿ ವರ್ಷ. ಭೂಮಿಯ ಮೇಲೆ ಹವಳದ ವಂಶ ಕಾಣಿಸಿಕೊಂಡು ಸುಮಾರು 50 ಕೋಟಿ ವರ್ಷವಾಯಿತು, ಈಗಿನ ದಿಬ್ಬ ಕಟ್ಟುವ ಹವಳಕ್ಕೆ ಸುಮಾರು 24 ಕೋಟಿ. ಮರಡಿಹಳ್ಳಿಯ ನೀರಿನ ಕಾಲಕ್ಕೆ ಪ್ರಾಣಿಗಳೇ ಹುಟ್ಟಿರಲಿಲ್ಲ.

ಪ್ರಶ್ನೆ: ಮೇಷ್ಟ್ರೇ, ಹವಳ ನೋಡಬೇಕು ಅಂತ ಆಸೆ. ಮುರ್ಡೇಶ್ವರದ ಹತ್ತಿರ ಸಿಗುತ್ತದಂತೆ, ಒಂದು ತುಂಡು ತರಬಹುದೇ? ಅಷ್ಟು ದೂರ ಹೋಗಲಾಗದ ನಮ್ಮ ಶಾಲೆ ಮಕ್ಕಳಿಗೆ ಇಲ್ಲೇ ತೋರಿಸುವ ದಾರಿ ಇದೆಯೇ? (ಶಿಕ್ಷಕಿ, ದಾವಣಗೆರೆ ತಾಲ್ಲೂಕು)

ಉತ್ತರ: ಮೇಡಂ, ಮುರ್ಡೇಶ್ವರದಿಂದ ದೋಣಿಯಲ್ಲಿ ನೇತ್ರಾಣಿ ದ್ವೀಪಕ್ಕೆ ಹೋದರೆ ನೀರಿನಡಿ ಹವಳ ಕಾಣುತ್ತದೆ. ತುಂಡು ತರುವುದು ಬೇಡವೇ ಬೇಡ. ದಿಬ್ಬ ಕಟ್ಟುವ ಹವಳಕ್ಕೆ ವನ್ಯಜೀವಿ ಕಾಯ್ದೆಯಲ್ಲಿ ಹುಲಿಗೆ ಇರುವಂಥದೇ ರಕ್ಷಣೆ ಇದೆ. ಮೇಲೆ ನಿಲ್ಲಬೇಡಿ, ಕೈಯಲ್ಲಿ ಮುಟ್ಟಬೇಡಿ.

ಮಕ್ಕಳಿಗೆ ಇಲ್ಲೇ ತೋರಿಸಬಹುದು, ಹವಳದ ಸಂಬಂಧಿಯನ್ನು. ಅದರ ಹೆಸರು ಹೈಡ್ರಾ, ಸಿಹಿನೀರಿನಲ್ಲಿರುತ್ತದೆ. ಈಗ ಬೇಡ, ಮಳೆಗಾಲ ಕಳೆದು ಚಳಿ ಶುರುವಾಗಲಿ. ಕೊಳಚೆ ಸೇರದ, ನೀರು ತಿಳಿಯಾಗಿರುವ ಕೆರೆಯಿಂದ, ಸೂಳೆಕೆರೆಯ ಅಂಚಾದರೂ ಆಗಬಹುದು, ನೀರಿನ ಗಿಡ ಒಂದು ಹಿಡಿ ಕಿತ್ತು ಅದೇ ನೀರಿನ ಜೊತೆ ದೊಡ್ಡ ಗಾಜಿನ ಬಾಟಲಿಗೆ ಹಾಕಿ. ನೇರ ಬಿಸಿಲು ಬೀಳದ ಕಿಟಕಿಯ ಹತ್ತಿರ ಒಂದೆರಡು ದಿನ ಅಲುಗಾಡಿಸದೆ ಇಡಿ. ಅದೃಷ್ಟ ಇದ್ದರೆ ಬೆಳಕಿನ ಕಡೆಯ ಗಾಜಿಗೆ ಅಂಟಿಕೊಂಡ, ಒಂದು ಸೆಂಟಿಮೀಟರಿಗಿಂತ ಚಿಕ್ಕದಾದ ಎಳೆ ಕಾಣುತ್ತದೆ. ತುದಿಯಲ್ಲಿ ಕೂದಲಿನಂಥ ಕೈಗಳು. ಭೂತಗನ್ನಡಿಯಲ್ಲಿ ನೋಡಿದರೆ ಪಕ್ಕದಲ್ಲಿ ಮೊಗ್ಗಿನ ಹಾಗೆ ಮರಿಯೂ ಇರಬಹುದು. 1740ರ ದಶಕದಲ್ಲಿ ಅಬ್ರಹಾಂ ಟ್ರೆಂಬ್ಲೆ ಎಂಬುವರು ಇದು ಗಿಡವೋ ಪ್ರಾಣಿಯೋ ತಿಳಿಯದೆ ಕತ್ತರಿಸಿ ನೋಡಿದರು. ಎರಡು ತುಂಡೂ ಬೆಳೆದು ಎರಡು ಪೂರ್ತಿ ಹೈಡ್ರಾ ಆದವು. ಅವರೂ ಹಳ್ಳದ ನೀರನ್ನು ಗಾಜಿನ ಜಾಡಿಯಲ್ಲಿಟ್ಟು, ತಾವು ಪಾಠ ಹೇಳುತ್ತಿದ್ದ ಇಬ್ಬರು ಹುಡುಗರ ಜೊತೆ ಕೂತು ನೋಡಿದ್ದರು.

ಒಂದು ಬಾಟಲಿಯಲ್ಲಿ ಸಿಗದಿದ್ದರೆ ಬೇರೆ ಕೆರೆಯ ನೀರು ತಂದು ನೋಡಿ. ಸಿಕ್ಕಿದ ದಿನ ಮಕ್ಕಳ ಕೈಯಲ್ಲಿ ಒಂದು ಚಿತ್ರ ಬರೆಸಿ ನನಗೆ ಕಳಿಸಿ, ಯಾವ ಕೆರೆ, ಯಾವ ತಿಂಗಳು ಅಂತಲೂ ಬರೆಸಿ.